ಹೆಂಗಸರ ಕೈಗೆ ಮೃದಂಗ ಒಗ್ಗುತ್ತಾ ಎಂದು ಕೇಳುವವರಿಗೆ

ಒಗ್ಗುತ್ತದೆ.

ಇಷ್ಟಕ್ಕೇ ಸುಮ್ಮನಾಗುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಯಾರೂ ಸುಮ್ಮನಾಗುವುದಿಲ್ಲ. ಸಂಗೀತ ಸಭಾದ ಕಾರ್ಯದರ್ಶಿಗಳು, ಮಗಳನ್ನು ಪಾಠಕ್ಕೆ ಸೇರಿಸಲು ಬಂದ ಅಪ್ಪಂದಿರು, ಕಚೇರಿ ನಡುವೆ ಎದ್ದು ಬಂದು ಕಾಫಿ ಕುಡಿಯುವ ರಸಿಕರು, ಎಲ್ಲರದೂ ಅದೇ ಎರಡನೇ ಪ್ರಶ್ನೆ: "ಅಲ್ಲ, ಕೈಗೆ ಅಷ್ಟು ತಾಕತ್ತು ಇರುತ್ತಾ ಅಂತ?" ತಾಕತ್ತೇ ಮುಖ್ಯವಾಗಿದ್ದರೆ ಪಕ್ಕವಾದ್ಯಕ್ಕೆ ಗರಡಿಮನೆಗೆ ಫೋನ್ ಮಾಡಬೇಕಿತ್ತು.

ಮೃದಂಗದ ಬಲಮುಖದಲ್ಲಿ 'ನಂ' ಎಂಬ ಪೆಟ್ಟು ನುಡಿಸುವುದನ್ನು ಹತ್ತಿರದಿಂದ ನೋಡಿ. ತೋರುಬೆರಳು ಅಂಚಿನ ಚರ್ಮದ ಸುತ್ತಿನ, ಅಂದರೆ ಮೀಟಿನ ಮೇಲೆ ಬೀಳುತ್ತದೆ, ಉಂಗುರಬೆರಳು ನಡುವಿನ ಕಪ್ಪು ಕರಣೆಯ ಅಂಚಿಗೆ ಸುಮ್ಮನೆ ತಾಗಿಕೊಂಡಿರುತ್ತದೆ. ಆ ಉಂಗುರಬೆರಳು ಸ್ವಲ್ಪ ಒತ್ತಿದರೂ ನಾದ ಸತ್ತು 'ಟಕ್' ಎನ್ನುತ್ತದೆ. ಕಲಿಯುವವರು ತಿಂಗಳುಗಟ್ಟಲೆ ಒದ್ದಾಡುವುದು ಬಲ ಹಾಕಲಾರದೆ ಅಲ್ಲ, ಹಾಕಿದ ಬಲ ತೆಗೆಯಲಾರದೆ. ಎಡಮುಖದಲ್ಲಿ ಗುಮುಕಿ, ಅಂದರೆ ಗುಂಯ್ ಎಂದು ಏರಿಳಿಯುವ ನಾದ, ಬರುವುದು ಅಂಗೈಯ ಬುಡ ಚರ್ಮದ ಮೇಲೆ ಜಾರುವುದರಿಂದ. ಅಲ್ಲಿ ಮೆತ್ತಿದ ರವೆಯ ಕಣಕ ಎಸಿಗೋ ದೀಪದ ಬಿಸಿಗೋ ಒಣಗಿದರೆ ಎಂಥ ಪೈಲ್ವಾನನ ಗುಮುಕಿಯೂ ಮೇಲೇಳುವುದಿಲ್ಲ. ನೀರು ಚಿಮುಕಿಸಬೇಕು, ಅಷ್ಟೇ. ಇನ್ನು ಭಾರ. ಹಲಸಿನ ಮರದ ಮೃದಂಗ ಭಾರ ನಿಜ, ಆದರೆ ಅದು ಕ್ಯಾಬಿನ ಡಿಕ್ಕಿಯ ಪ್ರಶ್ನೆ, ತಾಳದ್ದಲ್ಲ.

ಘಟದ ಮಾತು ಬೇರೆ. ತಮಿಳುನಾಡಿನ ಮಾನಾಮದುರೈನ ದಪ್ಪ ಘಟ ಬೆರಳಿಗೆ ನೋವು ಕೊಡುತ್ತದೆ. ಗಂಡಸಿನ ಬೆರಳಿಗೂ ಕೊಡುತ್ತದೆ. ಅವರನ್ನು ಯಾರೂ ಕೇಳುವುದಿಲ್ಲ. ಬೆಂಗಳೂರಿನಲ್ಲೇ ನೆಲೆಸಿರುವ ಘಟವಾದಕಿ ಸುಕನ್ಯಾ ರಾಮಗೋಪಾಲ್ ಅವರು ಘಟ ಕಲಿಯಲು ಹೊರಟಾಗಲೂ ಹುಡುಗಿಯ ಬೆರಳಿಗೆ ಇದು ಕಷ್ಟ ಎಂಬ ಮಾತೇ ಬಂದಿತ್ತು. ಅವರು ಕಲಿತರು, ಬೇರೆ ಬೇರೆ ಶ್ರುತಿಯ ಘಟಗಳನ್ನು ಸಾಲಾಗಿ ಇಟ್ಟು ಘಟತರಂಗ ನುಡಿಸಿದರು, ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯೂ ಬಂತು. ಆದರೂ ಹೆಣ್ಣಿನ ಪಕ್ಕ ಕೂರುವುದಿಲ್ಲ ಎಂದ ಕಲಾವಿದರನ್ನು ಅವರು ಕಂಡಿದ್ದಾರೆ. ಬೆರಳು ಗಟ್ಟಿಯಾದ ಮೇಲೂ ಬಾಗಿಲು ತೆರೆಯಲಿಲ್ಲ ಎಂದರೆ ತೊಂದರೆ ಬೆರಳಿನದಾಗಿರಲಿಲ್ಲ.

ಹೊಗಳುವವರು ಕೇಳುವವರಿಗಿಂತ ಕಡೆ. "ಕಣ್ಣು ಮುಚ್ಚಿ ಕೇಳಿದ್ರೆ ಗಂಡಸರೇ ನುಡಿಸ್ತಿದಾರೆ ಅನ್ಸುತ್ತೆ." ಕಣ್ಣು ಬಿಟ್ಟೇ ಕೇಳಿ ಸ್ವಾಮಿ.

ಕೇಳಲೇಬೇಕಾದ್ದು ಇನ್ನೊಂದಿದೆ, ಅದನ್ನು ಯಾರೂ ಕೇಳುವುದಿಲ್ಲ: ಆಕೆಯನ್ನು ಯಾರ ಪಕ್ಕ ಕೂರಿಸುತ್ತೀರಿ? ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಗಂಡಸರು ಸಾಮಾನ್ಯವಾಗಿ ಒಂದರಿಂದ ಎರಡು ಮನೆ ಶ್ರುತಿಯಲ್ಲಿ ಹಾಡುತ್ತಾರೆ, ಹೆಂಗಸರು ಐದು, ಐದೂವರೆ, ಆರರಲ್ಲಿ. ಒಂದೇ ಮೃದಂಗ ಎರಡಕ್ಕೂ ಆಗುವುದಿಲ್ಲ. ಹೆಚ್ಚು ಶ್ರುತಿಗೆ ಸುಮಾರು 22 ಅಂಗುಲದ್ದು, ತಗ್ಗು ಶ್ರುತಿಗೆ ಸುಮಾರು 24 ಅಂಗುಲದ್ದು. ಕಲ್ಲು, ಗೂಟ ಹಿಡಿದು ಅಂಚು ಬಡಿದರೆ ಅರ್ಧ ಮನೆ, ಹೆಚ್ಚೆಂದರೆ ಒಂದು ಮನೆ ಏರಿಳಿಸಬಹುದು. ಅದಕ್ಕಿಂತ ಇಳಿಸಿದರೆ ನಾದ ಸಡಿಲ, ಏರಿಸಿದರೆ ಮುಖದ ಚರ್ಮದ ಹೊದಿಕೆ, ಅಂದರೆ ಮುಚ್ಚಿಗೆ, ಹರಿಯುತ್ತದೆ. ಈಗ ಲೆಕ್ಕ ಹಾಕಿ. ಹೆಣ್ಣುಮಗಳನ್ನು ಹೆಣ್ಣು ಗಾಯಕಿಯರಿಗೆ ಮಾತ್ರ ಜೊತೆ ಮಾಡಿದರೆ ಅವಳ ಹತ್ತಿರ ಉಳಿಯುವುದು ಗಿಡ್ಡ ಮೃದಂಗ ಮಾತ್ರ. ಉದ್ದನೆಯದಕ್ಕೆ ದುಡ್ಡು ಹಾಕಿ, ನುಡಿಸದಿದ್ದರೂ ಮುಚ್ಚಿಗೆ ಬದಲಿಸುತ್ತಾ ಕೂರಲು ಯಾರಿಗೆ ಆಗುತ್ತದೆ? ತಗ್ಗು ಶ್ರುತಿಯಲ್ಲಿ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ, ವೇಗದ ಸೊಲ್ಲುಗಳು, ಅಂದರೆ ಮೃದಂಗದ ನುಡಿಗಳು, ಒಂದರ ಮೇಲೊಂದು ಬಿದ್ದು ಕಲಸಿಹೋಗದಂತೆ ಕೈ ಹದ ಮಾಡಿಕೊಳ್ಳಬೇಕು. ಅದು ವೇದಿಕೆಯ ಮೇಲೆ ಬರುವ ಹದ. ಐದು ವರ್ಷ ಹೀಗೇ ಕಳೆದ ಮೇಲೆ ಅದೇ ಸಭಾದವರು ಅನ್ನುತ್ತಾರೆ, "ಅವರಿಗೆ ತಗ್ಗು ಶ್ರುತಿ ಅಭ್ಯಾಸ ಇಲ್ಲವಲ್ಲ."

ಇದು ಹೊಸದೇನಲ್ಲ. ಮೃದಂಗದ ದಿಗ್ಗಜ ಪಾಲ್ಘಾಟ್ ಮಣಿ ಅಯ್ಯರ್ ಅಂಥವರೇ ಬಹುಕಾಲ ಗಾಯಕಿಯರಿಗೆ ನುಡಿಸಲಿಲ್ಲ, ಆಮೇಲೆ ಗಾಯಕಿ ಡಿ.ಕೆ. ಪಟ್ಟಮ್ಮಾಳ್ ಅವರಿಗೆ ನುಡಿಸಿದರು. ಪಟ್ಟಮ್ಮಾಳರ ಹಾಡಿಕೆ ಅಷ್ಟು ವರ್ಷ ಸಾಲದೆ ಇದ್ದು, ಒಂದು ಬೆಳಿಗ್ಗೆ ದಿಢೀರನೆ ಸಾಕಾಯಿತೆ?

ಫೆಬ್ರವರಿ ಕೊನೆಯ ವಾರ ಮತ್ತೊಂದು ಬಗೆಯ ಕರೆಗಳು. "ಮಾರ್ಚ್ 8ಕ್ಕೆ ಪೂರ್ತಿ ಲೇಡೀಸ್ ಕಚೇರಿ ಬೇಕು ಮೇಡಂ." ಗೌರವಧನ ಎಷ್ಟು ಎಂದರೆ ಬಾಗಿನದ ವರ್ಣನೆ ಶುರುವಾಗುತ್ತದೆ. ಹೆಂಗಸರದೇ ಗುಂಪು ಬೇಡ ಎನ್ನುತ್ತಿಲ್ಲ. 1920ರ ದಶಕದಲ್ಲಿ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಗಾಯಕಿ ಬೆಂಗಳೂರು ನಾಗರತ್ನಮ್ಮನವರಿಗೇ ಅಲ್ಲಿನ ಆರಾಧನೆಯಲ್ಲಿ ಹಾಡಲು ಬಿಡಲಿಲ್ಲ. ಅವರು ಹೆಂಗಸರ ಗುಂಪನ್ನೇ ಕಟ್ಟಿ ಹಾಡಿಸಿದರು, 1940ರ ಹೊತ್ತಿಗೆ ಗಂಡಸರ ಗುಂಪುಗಳೂ ಇದೂ ಒಂದಾದವು. ಸುಕನ್ಯಾ ಅವರ ಹೆಂಗಸರದೇ ವಾದ್ಯ ತಂಡ 'ಸ್ತ್ರೀ ತಾಳ್ ತರಂಗ್' ಕೂಡ ಜಾಗ ಸಿಗದ ಕಡೆ ಜಾಗ ಮಾಡಿಕೊಂಡದ್ದೇ. ಅವರು ಕಟ್ಟಿದ್ದು ಒಳಗೆ ಬರಲು. ನಿಮ್ಮ ಮಾರ್ಚ್ 8 ವರ್ಷದ ಉಳಿದ ದಿನಗಳಿಗೆ ರಜಾ ಚೀಟಿ.

ನಿಜವಾಗಿ ಮಾಡುವ ಮನಸ್ಸಿದ್ದರೆ ಕೆಲಸ ಸಣ್ಣದು. ಪಕ್ಕವಾದ್ಯವನ್ನು ಗಾಯಕರ ಇಷ್ಟಕ್ಕೆ ಬಿಡದೆ ಸಭಾವೇ ಗೊತ್ತುಮಾಡಲಿ. ಕರೆಯುವಾಗಲೇ ಶ್ರುತಿ, ಕಚೇರಿಯ ಅವಧಿ, ತನಿ ಆವರ್ತನಕ್ಕೆ (ತಾಳವಾದ್ಯದವರು ಮಾತ್ರ ನುಡಿಸುವ ಭಾಗಕ್ಕೆ) ಎಷ್ಟು ನಿಮಿಷ, ಹಣ ಎಷ್ಟು, ಇವು ನಾಲ್ಕನ್ನೂ ವಾಟ್ಸಾಪಿನಲ್ಲಿ ಬರೆದು ಹಾಕಿ. ತನಿಯ ನಿಮಿಷ ಯಾಕೆಂದರೆ, ಕಚೇರಿ ತಡವಾದಾಗ ಮೊದಲು ಕತ್ತರಿ ಬೀಳುವುದು ಅಲ್ಲಿಗೇ, ಹೆಣ್ಣು ಕೂತಿದ್ದರೆ ಇನ್ನೂ ಸಲೀಸಾಗಿ ಬೀಳುತ್ತದೆ. ಚಿಲಕ ಇರುವ ಒಂದು ಕೋಣೆ ಕೊಡಿ. ಶ್ರುತಿ ಸೇರಿಸುವುದೂ ಅಲ್ಲೇ, ಸೀರೆ ಸರಿಮಾಡಿಕೊಳ್ಳುವುದೂ ಅಲ್ಲೇ. ರಾತ್ರಿ ಒಂಬತ್ತೂವರೆಗೆ ಮುಗಿದರೆ ವಾದ್ಯ ಹಿಡಿಯುವ ಕಾರು ಬಾಗಿಲಲ್ಲಿರಲಿ. ಮೈಕಿನವನಿಗೆ ಎಡಮುಖದ ಮೈಕ್ ತಗ್ಗಿಸಬೇಡ ಎಂದು ಹೇಳಿ, ಯಾಕೆಂದರೆ ಗುಮುಕಿ ಕೇಳದಿದ್ದರೆ ಮಾರನೇ ದಿನ "ಕೈಯಲ್ಲಿ ಬಲ ಇಲ್ಲ" ಅನ್ನುವವರು ನೀವೇ. "ಬೇರೆ ಯಾರಾದರೂ ಸಿಗ್ತಾರಾ ನೋಡಿ" ಎಂದು ಗಾಯಕರ ಫೋನ್ ಬಂದರೆ, "ಜೋಡಿ ಇದೇ, ಬೇಕಾದರೆ ನಿಮ್ಮ ದಿನ ಬದಲಿಸೋಣ" ಎನ್ನಿ. ಬಹಳ ಜನ ಬಂದು ಹಾಡುತ್ತಾರೆ.

ಕಳೆದ ವರ್ಷದ ಆಹ್ವಾನ ಪತ್ರಿಕೆಗಳನ್ನು ಹರಡಿಕೊಂಡು ಕೂತು ಹಾಡುವ ಗಂಡಸಿನ ಕೆಳಗೆ ಮೃದಂಗಕ್ಕೆ ಹೆಣ್ಣಿನ ಹೆಸರು ಎಷ್ಟು ಕಡೆ ಇದೆ ಎಣಿಸಿ. ಸೊನ್ನೆ ಬಂದರೆ ಬರುವ ರಾಮನವಮಿಗೆ ಇಬ್ಬರನ್ನಾದರೂ ಈಗಲೇ ಕೇಳಿ. ಹಿಂದಿನ ವಾರ ಕೇಳಬೇಡಿ. ಅವರು ತಗ್ಗು ಶ್ರುತಿಯ ಮೃದಂಗಕ್ಕೆ ಹೊಸ ಮುಚ್ಚಿಗೆ ಕಟ್ಟಿಸಿಕೊಂಡು, ಅದು ಕೈಗೆ ಪಳಗಬೇಕು.