ಶಿಕ್ಷಾ ಪುಸ್ತಕದ ಎರಡು ಸಾಲು

ಜೈಲಿನೊಳಗೆ ಕೊಟ್ಟ ಶಿಕ್ಷೆಯನ್ನು ಪ್ರಶ್ನಿಸಬೇಕೆಂದು ಯಾರಾದರೂ ಬಂದರೆ ನಾನು ಮೊದಲು ಕೇಳುವುದು, ಜೈಲಿನವರು ಕೊಟ್ಟ ಶಿಕ್ಷೆಗಳನ್ನು ಬರೆದಿಡುವ ಶಿಕ್ಷಾ ಪುಸ್ತಕದ ನಕಲನ್ನು. ಕೈದಿಯ ಮಾತು ಆಮೇಲೆ. ಮನೆಯವರಿಗೆ ಇದು ಕಟುವಾಗಿ ಕಾಣುತ್ತದೆ. ಆದರೆ ನ್ಯಾಯಾಲಯ ಘಟನೆಯನ್ನು ಮತ್ತೆ ವಿಚಾರಿಸುವುದಿಲ್ಲ. ಆ ಪುಸ್ತಕದಲ್ಲಿ ಬರೆದದ್ದನ್ನು ಓದುತ್ತದೆ, ಅಷ್ಟೇ.

1894ರ ಕಾರಾಗೃಹ ಕಾಯ್ದೆಯ 45ನೇ ಕಲಮಿನಲ್ಲಿ ಜೈಲಿನ ಅಪರಾಧಗಳ ಪಟ್ಟಿಯಿದೆ: ಕಾಯಿಲೆಯ ನಟನೆ, ಕೆಲಸ ಮಾಡುವುದಿಲ್ಲವೆಂಬ ಹಠ, ಬೆದರಿಕೆಯ ಮಾತು. 46ನೇ ಕಲಮಿನಲ್ಲಿ ಶಿಕ್ಷೆಗಳಿವೆ. ಬರೀ ಎಚ್ಚರಿಕೆಯಿಂದ ಹಿಡಿದು ಮಾಫಿ (ಸನ್ನಡತೆಗೆ ಸಿಗುವ ಶಿಕ್ಷಾವಧಿಯ ರಿಯಾಯಿತಿ) ಕಡಿತ, 14 ದಿನಗಳವರೆಗೆ ಒಂಟಿ ಕೋಣೆ, ಮೂಲ ಪಠ್ಯದಲ್ಲಿ 30 ಛಡಿಯೇಟುಗಳವರೆಗೆ. ನನ್ನನ್ನು ಹೆಚ್ಚು ಕಾಡುವುದು 51ನೇ ಕಲಂ. ಗಂಭೀರ ಅಪರಾಧವಾದರೆ ಸಾಕ್ಷಿಗಳ ಹೆಸರು ಬರೆದರೆ ಸಾಕು. ಸಾಕ್ಷ್ಯದ ಸಾರಾಂಶ, ಕೈದಿಯ ಸಮಜಾಯಿಷಿ, ತೀರ್ಮಾನಕ್ಕೆ ಕಾರಣ, ಇವಿಷ್ಟನ್ನೂ ಬರೆಯಲೇಬೇಕೆಂದಿರುವುದು ಛಡಿಯೇಟು ಕೊಡುವಾಗ ಮಾತ್ರ! ಮೈಮೇಲೆ ಬಾಸುಂಡೆ ಏಳದಿದ್ದರೆ ಕಾರಣ ಬೇಕಿಲ್ಲವೆಂದು ಬ್ರಿಟಿಷ್ ಶಾಸನಕಾರರಿಗೆ ಅನಿಸಿರಬೇಕು. ಛಡಿ ಹೋಯಿತು, ಕಾರಣ ಬರೆಯದ ಅಭ್ಯಾಸ ಉಳಿಯಿತು.

ನಾನು ನಡೆಸಿದ ಒಂದು ಪ್ರಕರಣದ ನಮೂದು ಹೀಗಿತ್ತು: ‘ಕರ್ತವ್ಯನಿರತ ಸಿಬ್ಬಂದಿಗೆ ಬೆದರಿಕೆಯ ಮಾತು. ತಪ್ಪು ಒಪ್ಪಿದ್ದಾನೆ. ಮಾಫಿ ಕಡಿತ.’ ಕೆಳಗೆ ಎರಡು ಕಿರುಸಹಿ. ಆಡಿದ ಮಾತು ಯಾವುದು? ಎಲ್ಲೂ ಇಲ್ಲ. ತಾನು ಹೇಳಿದ್ದು ‘ಇದನ್ನು ಜಡ್ಜ್ ಸಾಹೇಬರಿಗೆ ಬರೆಯುತ್ತೇನೆ’ ಎಂದಷ್ಟೇ ಎಂಬುದು ಕೈದಿಯ ವಾದ. ಅದೂ ಒಂದು ರೀತಿಯಲ್ಲಿ ಬೆದರಿಕೆಯೇ, ಕೇಳಿಸಿಕೊಂಡವರು ಯಾರು ಎನ್ನುವುದರ ಮೇಲೆ ಹೋಗುತ್ತದೆ.

ಹಾಗೆ ಬರೆದ ಪತ್ರವೊಂದರಿಂದಲೇ ನಮ್ಮ ಕಾನೂನು ಬದಲಾದದ್ದು. ತಿಹಾರ್ ಜೈಲಿನಲ್ಲಿದ್ದ ಸುನಿಲ್ ಬಾತ್ರಾ, ವಾರ್ಡರನೊಬ್ಬ ಇನ್ನೊಬ್ಬ ಕೈದಿಗೆ ಕೊಟ್ಟ ಚಿತ್ರಹಿಂಸೆಯ ಬಗ್ಗೆ ಸುಪ್ರೀಂ ಕೋರ್ಟಿಗೆ ಬರೆದರು. ಆ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ 1979ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಒಂಟಿ ಕೋಣೆ, ಸೌಲಭ್ಯ ಕಡಿತ, ದಂಡನೆಯ ರೂಪದ ವರ್ಗಾವಣೆ, ಯಾವುದೇ ಆಗಲಿ, ಸೆಷನ್ಸ್ ನ್ಯಾಯಾಧೀಶರ ಪರಿಶೀಲನೆಯಿಲ್ಲದೆ ವಿಧಿಸಕೂಡದು. ತುರ್ತಿದ್ದರೆ ಎರಡು ದಿನಗಳೊಳಗೆ ತಿಳಿಸಬೇಕು. ಓದಲು ಬಹಳ ಚೆನ್ನಾಗಿದೆ. ನಾನು ಕಂಡ ಕಡತಗಳಲ್ಲಿ ಈ ಪರಿಶೀಲನೆ ಎಂದರೆ ‘ನೋಡಿದೆ’ ಎಂಬ ಒಂದು ಪದ ಮತ್ತು ಮೊಹರು.

ಹೊರದೇಶಗಳಲ್ಲಿ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ. ಅಮೆರಿಕದ ಸುಪ್ರೀಂ ಕೋರ್ಟ್ 1974ರ ವುಲ್ಫ್ ಪ್ರಕರಣದಲ್ಲಿ, ಸನ್ನಡತೆಯಿಂದ ಗಳಿಸಿದ ದಿನಗಳನ್ನು ಕಿತ್ತುಕೊಳ್ಳುವ ಮೊದಲು 24 ಗಂಟೆಗಳ ಲಿಖಿತ ನೋಟಿಸ್ ಕೊಡಬೇಕು, ಆಧಾರವನ್ನೂ ಕಾರಣವನ್ನೂ ಬರೆದು ಕೊಡಬೇಕು ಎಂದಿತು. ಆದರೆ 1985ರ ಹಿಲ್ ಪ್ರಕರಣದಲ್ಲಿ ‘ಏನಾದರೂ ಸಾಕ್ಷ್ಯ’ ಇದ್ದರೆ ಸಾಕೆಂದಿತು. ಅಲ್ಲಿ ಇದ್ದದ್ದೇನು? ಪೆಟ್ಟು ತಿಂದ ಒಬ್ಬ ಕೈದಿ, ಅಲ್ಲಿಂದ ಓಡಿಹೋಗುತ್ತಿದ್ದ ಮೂವರು. ಹೊಡೆದದ್ದನ್ನು ಕಾವಲುಗಾರ ಕಂಡಿರಲಿಲ್ಲ. ಆದರೂ ಶಿಕ್ಷೆ ಉಳಿಯಿತು. ಈ ಅಳತೆಗೋಲು ನನಗೆ ಒಪ್ಪಿಗೆಯಿಲ್ಲ. ಆದರೂ ಅಲ್ಲಿ ಅಳೆಯುವುದಕ್ಕೆ ಒಂದು ಲಿಖಿತ ವರದಿಯಾದರೂ ಇತ್ತು.

ನನ್ನ ಪ್ರಕರಣದಲ್ಲಿ ಸರ್ಕಾರಿ ವಕೀಲರ ವಾದ ಎಂದಿನದೇ: ಶಿಕ್ಷೆ ಎಂದೋ ಜಾರಿಯಾಗಿದೆ, ಅರ್ಜಿ ನಿರರ್ಥಕ. ಒಂಟಿ ಕೋಣೆಯ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜ. ರಿಟ್ ಅರ್ಜಿ ವಿಚಾರಣೆಯ ಪಟ್ಟಿಗೆ ಬರುವಷ್ಟರಲ್ಲಿ 14 ದಿನ ಕಳೆದಿರುತ್ತದೆ. ಆದರೆ ನಮೂದಿಗೆ ಅವಧಿಯಿಲ್ಲ. ಪೆರೋಲ್ ಕೇಳಿದಾಗ ಅದೇ ಸಾಲು, ಅವಧಿಪೂರ್ವ ಬಿಡುಗಡೆಯ ಸಮಿತಿಯ ಮುಂದೆಯೂ ಅದೇ ಸಾಲು. ಅದಕ್ಕಾಗಿ ನಾನು ಈಗ ಮಾಫಿ ಮರಳಿಸುವುದರ ಜೊತೆಗೆ ನಮೂದನ್ನೇ ಅಳಿಸಬೇಕೆಂದು ಪ್ರತ್ಯೇಕವಾಗಿ ಕೋರುತ್ತೇನೆ.

‘ಏನೆಂದು ಬೆದರಿಸಿದ?’ ಎಂದು ನ್ಯಾಯಮೂರ್ತಿಗಳು ಕೇಳಿದರು. ಸರ್ಕಾರಿ ವಕೀಲರು ಪುಟ ತಿರುವಿದರು, ಕಾಲಾವಕಾಶ ಕೇಳಿದರು, ಸಿಗಲಿಲ್ಲ. ಆದೇಶ ರದ್ದಾಯಿತು, ಆಡಿದ ಮಾತನ್ನೂ ಕೈದಿಯ ಉತ್ತರವನ್ನೂ ದಾಖಲಿಸಿ ಹೊಸದಾಗಿ ವಿಚಾರಣೆ ನಡೆಸಲು ಸೂಚನೆ ಬಂತು. ನಡೆಸಬೇಕಾದವರು ಆ ಶಿಕ್ಷೆ ಕೊಟ್ಟ ಅದೇ ಜೈಲು ಅಧೀಕ್ಷಕರು.