ಮಹಿಳಾ ಗ್ರಾಮಸಭೆ ಎಷ್ಟು ಗಂಟೆಗೆ?

ಊರಿನ ಹೆಂಗಸರು ಸೇರಿ ಪಂಚಾಯ್ತಿಗೆ ಬೇಡಿಕೆ ಹೇಳೋ ಮಹಿಳಾ ಗ್ರಾಮಸಭೆಯನ್ನ ಬೆಳಗ್ಗೆ ಹತ್ತೂವರೆಗೆ ಇಟ್ಟರೆ ಬರೋರು ಯಾರು? ಕೂಲಿಯವರು ಆಗಲೇ ಹೊಲದಲ್ಲಿರ್ತಾರೆ. ಸಂಜೆ ಐದು ಅಂದ್ರೆ ಹಾಲು ಕರೆಯೋ ಹೊತ್ತು. ಮಧ್ಯಾಹ್ನ ಎರಡೂವರೆಗೆ ಇಡಿ, ಅದೂ ಪಂಚಾಯ್ತಿ ಕಚೇರಿಯಲ್ಲಲ್ಲ, ಕೇರಿಯ ಅಂಗನವಾಡಿಯಲ್ಲಿ. ಹಿಂದಿನ ದಿನವೇ ಡಂಗುರ ಸಾರಿಸಿ. ಗಂಡಸರು ಬಾಗಿಲಲ್ಲಿ ನಿಂತರೆ ಶೌಚಾಲಯದ ಮಾತು, ಕುಡಿತದ ಮಾತು ಬಾಯಿಗೇ ಬರಲ್ಲ.

ಬೇಡಿಕೆಗಳು ಇನ್ನೂ ಹೆಚ್ಚು ಸೋರಿಹೋಗೋದು ಸಭೆಯ ಮಾತು ಬರೆದಿಡೋ ನಡಾವಳಿ ಪುಸ್ತಕದಲ್ಲಿ. ‘ಬೀದಿದೀಪ ಬೇಕು’ ಅಂತ ಬರೆದರೆ ಬೇಡಿಕೆ ಅಲ್ಲೇ ಸತ್ತಂತೆ. ‘ಶೌಚಾಲಯದಿಂದ ಕೊನೇ ಮನೆವರೆಗೆ 3 ಕಂಬ, ಬಲ್ಬ್ ಇಲ್ಲ’ ಅಂತ ಕಂಬದ ನಂಬರ್ ಸಮೇತ ಬರೆಸಿದರೆ ಖರ್ಚಿನ ಅಂದಾಜು ಹಾಕಬಹುದು, ಪಂಚಾಯ್ತಿಯ ಕ್ರಿಯಾಯೋಜನೆಗೂ ಸೇರಿಸಬಹುದು. ನೀರುಗಂಟಿ ನೀರು ಬಿಡೋ ಹೊತ್ತನ್ನೂ ಠರಾವಿನಲ್ಲೇ ಬರೆಸಿ. ರಾತ್ರಿ ಹನ್ನೊಂದಕ್ಕೆ ನಲ್ಲಿ ಬಂದರೆ ಕೊಡ ಹಿಡಿದು ಕಾಯೋರು ಹೆಂಗಸರೇ. ಇದನ್ನ ಸರಿಮಾಡೋಕೆ ಅನುದಾನವೇ ಬೇಡ, ಆದರೂ ಯಾಕೆ ಇಷ್ಟು ತಡ ಅನ್ನೋದು ಮನಸ್ಸನ್ನ ಕೊರೆಯುತ್ತೆ.

ಸಹಿ, ಹೆಬ್ಬೆಟ್ಟು ಕೊನೆಗೆ, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಎಲ್ಲವನ್ನೂ ಓದಿ ಹೇಳಿದ ಮೇಲೆ. ಖಾಲಿ ಹಾಳೆಗೆ ಬೇಡವೇ ಬೇಡ.

ಕರ್ನಾಟಕದ ಪಂಚಾಯ್ತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಆದರೂ ಎಷ್ಟೋ ಕಡೆ ಕರೆ ಹೋಗೋದು ಸದಸ್ಯೆಯ ಗಂಡನ ಫೋನಿಗೆ. ಸದಸ್ಯೆಯ ಸ್ವಂತ ನಂಬರನ್ನೇ ಪಂಚಾಯ್ತಿ ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆಸಿ.