ಕೊರಿಂಥದ ಸಭೆಗೆ ಏನು ಕಡಿಮೆಯಿತ್ತು?

ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಮಾತು, ಜ್ಞಾನ, ಕೃಪಾವರ (ದೇವರು ಕೊಡುವ ವಿಶೇಷ ಸಾಮರ್ಥ್ಯ) ಯಾವುದಕ್ಕೂ ಕೊರತೆಯಿರಲಿಲ್ಲ. ಅಪೊಸ್ತಲ ಪೌಲನೇ ಅವರಿಗೆ ಬರೆದ, ಬೈಬಲಿನಲ್ಲಿರುವ ಮೊದಲ ಪತ್ರದ 1ನೇ ಅಧ್ಯಾಯದಲ್ಲಿ ಹಾಗೆ ಬರೆಯುತ್ತಾನೆ. ಆದರೆ 3ನೇ ಅಧ್ಯಾಯದಲ್ಲಿ ಅದೇ ಜನರನ್ನು ಕೂಸುಗಳು ಎನ್ನುತ್ತಾನೆ. ಕಾರಣ ಹೊಟ್ಟೆಕಿಚ್ಚು, ಜಗಳ. ನಾನು ಪೌಲನವನು, ನಾನು (ಇನ್ನೊಬ್ಬ ಬೋಧಕ) ಅಪೊಲ್ಲೋಸನವನು ಎಂಬ ಗುಂಪುಗಾರಿಕೆ. ಸಭೆಯ ಸಹೋದರರೇ ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡುತ್ತಿದ್ದರು. ಯೇಸುವಿನ ನೆನಪಿಗಾಗಿ ಮಾಡುವ ಕರ್ತನ ಭೋಜನದಲ್ಲಿ ಒಬ್ಬ ಹಸಿದಿದ್ದರೆ ಇನ್ನೊಬ್ಬ ಕುಡಿದಿರುತ್ತಿದ್ದ!

ಹಾಗಾಗಿ ಎಷ್ಟು ವರ್ಷದಿಂದ ಸಭೆಗೆ ಬರುತ್ತಿದ್ದೇವೆ, ಎಷ್ಟು ಬೈಬಲ್ ವಚನ ಬಾಯಿಪಾಠ ಎಂಬುದು ಆತ್ಮಿಕ ಪ್ರೌಢತೆಯ ಅಳತೆಯಲ್ಲ. ಇನ್ನೊಬ್ಬರಿಗೆ ಮನ್ನಣೆ ಸಿಕ್ಕಾಗ, ಯಾರಾದರೂ ನಮ್ಮನ್ನು ತಿದ್ದಿದಾಗ ಒಳಗಿರುವುದು ಹೊರಬರುತ್ತದೆ.

ಬೈಬಲಿನ ಇಬ್ರಿಯರಿಗೆ ಬರೆದ ಪತ್ರದ 5:14ರ ಪ್ರಕಾರ ಒಳ್ಳೆಯದು ಕೆಟ್ಟದ್ದರ ವಿವೇಚನೆ ಬರುವುದು ಅಭ್ಯಾಸದಿಂದ. ಆ ಅಭ್ಯಾಸಕ್ಕೆ ದಿನಕ್ಕೆ ಎಂಟು ಹತ್ತು ವಚನ ಸಾಕು. ನಿಧಾನವಾಗಿ ಎರಡು ಸಲ ಓದಿ, ಪ್ರಾರ್ಥಿಸಿ, ಮಾಡಬೇಕಾದ ಒಂದೇ ಕೆಲಸ ಬರೆದುಕೊಳ್ಳಿ. 'ತಾಳ್ಮೆಯಿಂದಿರಬೇಕು' ಎಂದು ಬರೆದರೆ ಮರುದಿನಕ್ಕೇ ಮರೆತುಹೋಗುತ್ತದೆ. 'ಇವತ್ತು ಸಂಜೆಯೊಳಗೆ ಅಣ್ಣನಿಗೆ ಫೋನ್ ಮಾಡಿ ಕ್ಷಮೆ ಕೇಳಬೇಕು' ಎಂದು ಬರೆಯಿರಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ಸಮಾಧಾನವಾಗು ಎಂದು ಯೇಸು ಹೇಳಿದ್ದಾನೆ (ಮತ್ತಾಯ 5:23-24).

ಹೆಚ್ಚಿನವರು ಎಡವುವುದು ಇಲ್ಲೇ. ನಾಲ್ಕು ಅಧ್ಯಾಯ ಓದಿ ಮುಗಿಸುತ್ತಾರೆ, ಆ ಒಂದು ಫೋನ್ ಮಾಡುವುದಿಲ್ಲ. ಇನ್ನು ಕೆಲವರು ಹಲ್ಲುಕಚ್ಚಿ ಸ್ವಂತ ಬಲದಿಂದಲೇ ಬದಲಾಗಲು ಹೊರಟು ಸೋಲುತ್ತಾರೆ. ಗಲಾತ್ಯದವರಿಗೆ 5:22-23 ಹೇಳುವ ಪ್ರೀತಿ, ಸಂತೋಷ, ತಾಳ್ಮೆ ಪವಿತ್ರಾತ್ಮನ ಫಲ. ಆದ್ದರಿಂದ ಬೇಡಿಕೊಂಡೇ ಹೆಜ್ಜೆಯಿಡಬೇಕು. ವಾರಕ್ಕೊಮ್ಮೆ 'ಬರೆದದ್ದನ್ನು ಮಾಡಿದೆಯಾ?' ಎಂದು ಕೇಳಲು ನಂಬಿಕೆಯಲ್ಲಿ ಹಿರಿಯರೊಬ್ಬರು ಇರಲಿ.